ಇಡಿಮರದ ಗಿಟಾರು

ಜನವರಿ 9

ಅಣ್ಣ,

ನಿನ್ನ ಗಿಟಾರು ಕೆಡಿಸಿದ್ದು ಅಪ್ಪ ಅಲ್ಲ, ನಾನು.

ಆರು ವರ್ಷದಿಂದ ಇದನ್ನು ನುಂಗಿಕೊಂಡು ಕೂತಿದ್ದೆ. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನೀನೇ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದೆ. ಸುಳ್ಳು ಹೇಳಲಿಲ್ಲ, ನಿಜ. ಯಾರೂ ನನ್ನನ್ನು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ. ಈಗ ಕೇಳದಿದ್ದರೂ ಹೇಳುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಮನೆಯ ಮೂರು ನಂಬರನ್ನೂ ನೀನು ಬ್ಲಾಕ್ ಮಾಡಿದ್ದೀಯ. ಅದಕ್ಕೇ ಕಾಗದ.

ನಡೆದದ್ದು ಇಷ್ಟು. ನೀನು ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟು ಆ ಗಿಟಾರು ತಂದಿದ್ದೆ. ನೀನಿಲ್ಲದಾಗ ತೆಗೆದು ನೋಡಿದೆ. ತಂತಿ ಕಟ್ಟುವ ಪಟ್ಟಿಯ ಹಿಂದೆ ಮೇಲಿನ ಹಲಗೆ ಸ್ವಲ್ಪ ಉಬ್ಬಿತ್ತು. ನನಗಾಗ ಹದಿನಾಲ್ಕು. ಬಡಗಿಯ ಮಗಳು ಬೇರೆ. ತೆಳು ಹಲಗೆ ಭಾರಕ್ಕೆ ಬಾಗಿದರೆ ಹಿಂದಿನಿಂದ ಮರದ ರೀಪುಪಟ್ಟಿ ಹೊಡೆಯಬೇಕು ಎನ್ನುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತಿದ್ದೆ. ಹೀಗೇ ಬಿಟ್ಟರೆ ಒಡೆದುಹೋಗುತ್ತದೆ, ಅಣ್ಣ ಊಟ ಬಿಡುತ್ತಾನೆ ಎಂದುಕೊಂಡು ತಂತಿ ಸಡಿಲಿಸಿ, ತೂತಿನೊಳಗೆ ಕೈ ತೂರಿಸಿ, ಹಲಗೆಯ ಒಳಮೈಗೆ ಎರಡು ತುಂಡು ಮರ ಅಂಟಿಸಿದೆ. ಉಬ್ಬು ಇಳಿಯಿತು. ಹೆಮ್ಮೆಯಿಂದ ತಂತಿ ಬಿಗಿದು ಮೀಟಿದೆ. ದನಿಯೂ ಇಳಿದಿತ್ತು. ರಟ್ಟಿನ ಡಬ್ಬ ತಟ್ಟಿದ ಹಾಗೆ ಕೇಳಿಸಿತು.

ಅವತ್ತು ಬೆಳಿಗ್ಗೆಯಷ್ಟೇ ಅಪ್ಪ ನಿನಗೆ, “ಇನ್ನೊಂದ್ಸಲ ಕೆಲಸದ ಹೊತ್ತಲ್ಲಿ ಟಿಂಗ್ ಟಿಂಗ್ ಅನ್ಸಿದ್ರೆ ಅದನ್ನ ಬಿಚ್ಚಿ ಕಪಾಟಿನ ಬಾಗಿಲು ಮಾಡ್ತೀನಿ ನೋಡು” ಎಂದಿದ್ದರು. ಸಂಜೆ ನೀನು ಬೆಂಚಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡು, “ಯಾರು ಮುಟ್ಟಿದ್ದು ಇದನ್ನ?” ಎಂದು ಕೂಗಿದೆ. ಅಪ್ಪ ನಿನ್ನ ಕೈಯಲ್ಲಿದ್ದ ಸುತ್ತಿಗೆ ನೋಡಿದರು. ಅಂಟು ಒಣಗಿ ಬಿರುಕು ಬಿಟ್ಟಿದ್ದ ನನ್ನ ಬೆರಳು ನೋಡಿದರು. “ನಾನೇ. ಏನೀಗ?” ಎಂದರು. ವಾರದೊಳಗೆ ನೀನು ಮನೆ ಬಿಟ್ಟೆ.

ನಿನ್ನೆ ನಿನ್ನ ಮದುವೆ ಕಾರ್ಡು ಬಂತು. ಕವರಿನ ಮೇಲೆ ಅಮ್ಮ, ನಾನು. ಒಳಗೆ ವರನ ತಾಯಿಯ ಹೆಸರಿದೆ, ತಂದೆಯ ಹೆಸರಿಲ್ಲ. ಸತ್ತವರ ಹೆಸರನ್ನಾದರೂ ಹಾಕುತ್ತಾರೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, “ಕಾಗದ ಚೆನ್ನಾಗಿದೆ, ದಪ್ಪ ಇದೆ” ಎಂದು ಕೆಲಸಕ್ಕೆ ಹೋದರು.

ಅಪ್ಪನನ್ನು ಕರೆ. ತಪ್ಪು ನನ್ನದು. ಹಳೆಯ ಗಿಟಾರನ್ನು ಹೋದ ವರ್ಷ ಸರಿಮಾಡಲು ಕೂತೆ, ಉಳಿ ಜಾರಿ ಹಲಗೆ ಸೀಳಿಹೋಯಿತು. ಹಾಗಾಗಿ ಅಂಥದ್ದೇ ಇನ್ನೊಂದು ಕೊಂಡು ಕೊಡುತ್ತೇನೆ. ಯಾವುದು ಎಂದು ಬರೆ.

ಮೊಳೆ


ಜನವರಿ 21

ಮೊಳೆ,

ಕಾಗದ ತಲುಪಿತು. ಅಕ್ಷರ ನಿನ್ನದು, ಮಾತು ಯಾರದು ಎಂದು ಮೊದಲನೆಯ ಸಾಲಿಗೇ ಗೊತ್ತಾಯಿತು. ಮದುವೆಗೆ ಕರೆ ಬಂದಿಲ್ಲ ಎಂದ ಕೂಡಲೇ ಮಗಳನ್ನು ಕೂರಿಸಿಕೊಂಡು ಬರೆಸಿದ್ದಾರೆ. ಆ ಮನುಷ್ಯನಿಗೆ ತಪ್ಪಿನಿಂದ ನುಣುಚಿಕೊಳ್ಳುವುದಕ್ಕೂ ಬೇರೆಯವರ ಬಾಯಿ ಬೇಕು.

ಹಸಿರು ಸ್ಟೂಲಿನ ಕಾಲು ಸೀಳಿ, ಅಂಟನ್ನು ಸಾರಿನ ಹಾಗೆ ಸುರಿಸಿ ಮಾಡಿದ ದರಿದ್ರ ಕೆಲಸಕ್ಕೆ ಈಗ ಅಳುಬುರುಕು ಕಥೆ ಕಟ್ಟಿದರೆ ಹೋದ ಆರು ವರ್ಷ ವಾಪಸು ಬರುವುದಿಲ್ಲ. ನಾನಿಲ್ಲಿ ಹಗಲೆಲ್ಲ ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಿ, ಸಂಜೆ ಸಂಗೀತ ಶಾಲೆಯ ಎರವಲು ಗಿಟಾರಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಸ್ವಂತಕ್ಕೆ ಒಂದು ಕೊಳ್ಳಲು ಇವತ್ತಿಗೂ ಆಗಿಲ್ಲ.

ನೀನು ಕೊಡಿಸುತ್ತೀಯಂತೆ! ಕೇಳಿಸಿಕೋ. ನನ್ನದು ಇಡಿಮರದ್ದು. ಮುಂದೆ, ಹಿಂದೆ, ಬದಿಗೆ ಎಲ್ಲ ಕಡೆಯೂ ಮರವನ್ನೇ ಸೀಳಿ ತೆಗೆದ ಹಲಗೆ, ಪ್ಲೈವುಡ್ ಅಲ್ಲ. ಅಂಗಡಿಯವರು ಮುಂದಿನ ಹಲಗೆ ಒಂದನ್ನು ಮಾತ್ರ ಅಸಲಿ ಹಾಕಿ ಪೂರ್ತಿ ಅಸಲಿ ಎಂದು ಮಾರುತ್ತಾರೆ. ಶಾಲೆ ಬಿಟ್ಟವಳಿಗೆ ಅದನ್ನು ಹೇಗೆ ನೋಡಬೇಕು ಎಂದು ಯಾರು ಹೇಳಿಕೊಡುತ್ತಾರೆ? ಎರಡು ವರ್ಷದಲ್ಲಿ ಮೂರು ಕಡೆ ಕೆಲಸ ಬಿಟ್ಟಿದ್ದೀಯಂತೆ, ಅಮ್ಮ ಹೇಳಿ ಕಳಿಸಿದ್ದರು. ಶಾಲೆ ಬಿಟ್ಟ ಹಾಗೆ ಇದನ್ನೂ ಅರ್ಧಕ್ಕೆ ಬಿಡುತ್ತೀಯ. ಶಾಲೆ ಬಿಟ್ಟವಳ ಸಂಬಳಕ್ಕೆ ಅದು ಎಟುಕುವುದೂ ಇಲ್ಲ. ಸುಮ್ಮನಿರು.

ಅಣ್ಣ


ಫೆಬ್ರವರಿ 3

ಅಣ್ಣ,

ಶಾಲೆ ಬಿಟ್ಟವಳು ಎಂದು ಮೂರು ಸಲ ಬರೆದಿದ್ದೀಯ. ಒಂದು ಸಲ ಸಾಕಿತ್ತು, ನನಗೇನು ಮರೆತುಹೋಗಿಲ್ಲ.

ಅಪ್ಪನಿಗೆ ಈ ಕಾಗದಗಳ ವಿಷಯವೇ ಗೊತ್ತಿಲ್ಲ. ನಿನ್ನದು ಬಂದಾಗ ಅಮ್ಮ ತೆಗೆದುಕೊಂಡು, ಅಪ್ಪನ ಕಣ್ಣಿಗೆ ಬೀಳದ ಹಾಗೆ ಹೊಲಿಗೆ ಡಬ್ಬದಲ್ಲಿ ಇಟ್ಟಿದ್ದರು. ನಂಬುವುದು ಬಿಡುವುದು ನಿನ್ನಿಷ್ಟ.

ಮೂರು ಅಂಗಡಿ ಸುತ್ತಿದೆ. ಮೊದಲನೆಯದು ಗಾಜಿನ ಬಾಗಿಲಿನದು. ಒಳಗೆ ಹೋಗುವಾಗಲೇ ಅಂಗಡಿ ಹುಡುಗ ನನ್ನ ಕೈಯ ಫರ್ನಿಚರ್ ಪಾಲಿಷ್ ಕಲೆ ನೋಡಿ ಹಿಂದೆ ಹಿಂದೆ ಬಂದ.

“ಪೂರ್ತಿ ಇಡಿಮರ ಮೇಡಂ. ಕಣ್ಣು ಮುಚ್ಕೊಂಡು ತಗೊಳ್ಳಿ.”

“ಕಣ್ಣು ತೆರ್ಕೊಂಡು ತಗೋಬಹುದಾ?” ಎಂದೆ.

ದನಿ ಹೊರಡುವ ತೂತಿನ ಅಂಚನ್ನು ಬೆಳಕಿಗೆ ತಿರುಗಿಸಿದೆ. ಇಡಿಮರವಾದರೆ ಮೇಲಿನ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಕ್ಕೆ ಇಳಿಯಬೇಕು. ಇದರಲ್ಲಿ ಕ್ರೀಮ್ ಬಿಸ್ಕತ್ತಿನ ಹಾಗೆ ಮೂರು ಪದರ.

“ಇದು ಪ್ಲೈವುಡ್.”

“ಅದು ಡಿಸೈನ್ ಮೇಡಂ.”

“ನಾನು ದಿನಾ ಎಂಟು ಗಂಟೆ ಈ ಡಿಸೈನ್‌ನ ಸ್ಯಾಂಡ್‌ಪೇಪರ್ ಹಾಕಿ ಉಜ್ತೀನಿ ಕಣಪ್ಪ.”

ಎರಡನೆಯ ಅಂಗಡಿಯಲ್ಲಿ ಮುಂದಿನ ಹಲಗೆ ಅಸಲಿಯೇ. ಹಿಂದಿನ ಹಲಗೆಯ ಹೊರಗೆ ಅಲೆ ಅಲೆಯಾದ ಕಂದು ಗೆರೆ, ತೂತಿನಿಂದ ಇಣುಕಿದರೆ ಒಳಗೆ ಬೋಳು ಬಿಳಿ. ಹೊರಗಿರುವ ಗೆರೆ ಒಳಗೂ ಅದೇ ಜಾಗದಲ್ಲಿ ಇರಬೇಡವೆ? ಯಜಮಾನ, “ಹಿಂದ್ಗಡೆ ಯಾರಮ್ಮಾ ನೋಡ್ತಾರೆ?” ಎಂದ. “ನಾನು ನೋಡಿದ್ನಲ್ಲ” ಎಂದೆ. ಬೇರೆ ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರು. ನನ್ನನ್ನು ಹೊರಗೆ ಕಳಿಸಿದ. ಮೂರನೆಯ ಕಡೆ ಇದ್ದದ್ದು ಅಪ್ಪಟ ಇಡಿಮರ, ಬೆಲೆ ನನ್ನ ಎಂಟು ತಿಂಗಳ ಸಂಬಳ.

ಅರ್ಧಕ್ಕೆ ಬಿಟ್ಟಿಲ್ಲ. ಅಪ್ಪನನ್ನು ಕರೆಯುತ್ತೀಯೋ ಇಲ್ಲವೋ, ಅದಕ್ಕೆ ನೀನು ಉತ್ತರ ಬರೆದಿಲ್ಲ.

ಮೊಳೆ


ಫೆಬ್ರವರಿ 14

ಮೊಳೆ,

ಇಲ್ಲ. ಇದೇ ಉತ್ತರ.

ಗಿಟಾರು ತೋರಿಸಿ ನನ್ನನ್ನು ಕೊಳ್ಳಲು ಬರಬೇಡ. ಮಾರ್ಚ್ ಇಪ್ಪತ್ತೆರಡಕ್ಕೆ ನೀನೂ ಅಮ್ಮನೂ ಬನ್ನಿ, ಊಟ ಮಾಡಿ, ಹೋಗಿ. ಆ ಮನುಷ್ಯ ಏನು ಮಾಡಿದ ಎಂದು ಹುಡುಗಿಯ ಮನೆಯವರಿಗೆಲ್ಲ ಗೊತ್ತಿದೆ. ಅವರ ಮುಂದೆ ಅವನ ಪರ ವಕಾಲತ್ತು ಮಾಡುವ ಯೋಚನೆ ಇದ್ದರೆ ನೀನೂ ಬರಬೇಡ. ನಿನ್ನ ಬಾಯಿ ನನಗೆ ಗೊತ್ತು.

ಅಣ್ಣ


ಫೆಬ್ರವರಿ 25

ಅಣ್ಣ,

ಗಿಟಾರು ಸಿಕ್ಕಿತು. ಕೊಂಡಾಯಿತು. ಅದರ ಜೊತೆಗೆ ಇನ್ನೊಂದು ಸಿಕ್ಕಿತು, ಅದನ್ನು ಆಮೇಲೆ ಹೇಳುತ್ತೇನೆ.

ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಗೋಡೆ ತುಂಬ ಕತ್ತು ಮುರಿದ ಗಿಟಾರು, ಹೊಟ್ಟೆ ಬಿಚ್ಚಿದ ಪಿಟೀಲು. ನಡುವೆ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತ ರಿಪೇರಿಯವರು, ಅಮ್ಮನ ವಯಸ್ಸಿನ ಹೆಂಗಸು.

“ನುಡಿಸ್ತೀಯಾ?”

“ಇಲ್ಲ.”

“ಮತ್ತೆ ಯಾಕೆ ಬೇಕು?”

“ಒಂದನ್ನ ಹಾಳು ಮಾಡಿದೀನಿ. ಅದಕ್ಕೆ.”

ನಕ್ಕು ಮೂಲೆಯಿಂದ ಒಂದನ್ನು ತೆಗೆದರು. ಮುಂದಿನ ಹಲಗೆಯ ಮೇಲೆ, ಉದ್ದಕ್ಕೆ, ಕೈ ತಾಗಿ ಕಾಡಿಗೆ ಕದಡಿದ ಹಾಗೆ ಕಪ್ಪು ಗೆರೆ. “ಪೂರ್ತಿ ಇಡಿಮರ. ಈ ಗೆರೆ ಇದೆ ಅಂತ ಮಾಡಿದೋರೇ ಅರ್ಧ ಬೆಲೆಗೆ ತಳ್ಳಿಬಿಟ್ರು. ಬರೋರೆಲ್ಲ ಮುಖ ನೋಡಿ ಹೋಗ್ತಾರೆ, ಒಬ್ರೂ ಮೀಟಿ ನೋಡಲ್ಲ.” ನಾನು ಉಗುರು ಎಳೆದು ನೋಡಿದೆ, ಸಿಕ್ಕಿಕೊಳ್ಳಲಿಲ್ಲ. ಎಂಜಲು ಹಚ್ಚಿ ನೋಡಿದೆ, ಬಿರುಕಿದ್ದರೆ ಒದ್ದೆ ಒಳಗೆ ಎಳೆದುಕೊಳ್ಳುತ್ತಿತ್ತು. ಏನೂ ಆಗಲಿಲ್ಲ. ಮರ ಬೆಳೆಯುವಾಗಲೇ ಕುಡಿದ ಬಣ್ಣ. ಅವರು ಆರೂ ತಂತಿಯ ಮೇಲೆ ಒಮ್ಮೆ ಬೆರಳಾಡಿಸಿದರು. ನನ್ನ ಎದೆಗೂಡಿನಲ್ಲಿ ಕೇಳಿಸಿತು. ಬೆಲೆ ಕೇಳಿದೆ. ಸ್ಕೂಟರಿಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಮುಗಿಯಿತು.

ನಾನು ಮಾಡಿದ ಕೆಲಸ ಹೇಳಿದೆ. “ಅಯ್ಯೋ ಪಾಪಿ” ಎಂದರು. “ತಂತಿ ಎಳೀತಿರುತ್ತಲ್ಲ, ಸ್ವಲ್ಪ ಉಬ್ಬಲೇಬೇಕು ಕಣೇ. ನೀನು ಆಸರೆ ಕೊಟ್ಟಿದೀನಿ ಅನ್ಕೊಂಡೆ. ಅದರ ಬಾಯಿಗೆ ಬಟ್ಟೆ ತುರುಕಿದೀಯ.” ಒಳಗಿನ ಪಟ್ಟಿಗಳು ಹೇಗಿರುತ್ತವೆ ನೋಡು ಎಂದು, ಹಲ್ಲಿನ ಡಾಕ್ಟರರ ಬಳಿ ಇರುವಂಥ ಪುಟ್ಟ ಕನ್ನಡಿಯನ್ನೂ ದೀಪವನ್ನೂ ತೂತಿನೊಳಗೆ ಇಳಿಸಿದರು. ಬರಿಗಣ್ಣಿಗೆ ಕಾಣುವುದು ಹಿಂದಿನ ಹಲಗೆ ಮಾತ್ರ. ಮುಂದಿನ ಹಲಗೆಯ ಒಳಮೈ ನೋಡಬೇಕಾದರೆ ಕನ್ನಡಿ ಇಳಿಸಲೇಬೇಕು.

ಅಲ್ಲಿ ನಿಂತಲ್ಲೇ ನಿನ್ನ ಕಾಗದ ನೆನಪಾಯಿತು. ಮನೆಗೆ ಓಡಿ ಬಂದು ಹೊಲಿಗೆ ಡಬ್ಬದಿಂದ ತೆಗೆದು ಓದಿದೆ. “ಹಸಿರು ಸ್ಟೂಲಿನ ಕಾಲು ಸೀಳಿ, ಅಂಟನ್ನು ಸಾರಿನ ಹಾಗೆ ಸುರಿಸಿ.”

ಅಣ್ಣ, ನಾನು ಎರಡು ತುಂಡು ಮರ ಎಂದಷ್ಟೇ ಬರೆದಿದ್ದೆ. ಅದು ನಾನು ಕೂತು ಓದುತ್ತಿದ್ದ ಸ್ಟೂಲಿನ ಮುರಿದ ಕಾಲು ಎಂದು, ಹಸಿರು ಬಣ್ಣ ಇನ್ನೂ ಅಂಟಿಕೊಂಡಿತ್ತು ಎಂದು, ಅಂಟು ಸುರಿದಿತ್ತು ಎಂದು ಯಾರಿಗೂ ಹೇಳಿಲ್ಲ. ನೀನು ಹೋಗುವಾಗ ಗಿಟಾರು ಇಲ್ಲೇ ಬಿಟ್ಟು ಹೋದೆ. ಅಂದರೆ ಹೋಗುವ ಮೊದಲೇ, ಆ ಒಂದು ವಾರದಲ್ಲಿ, ಕನ್ನಡಿ ಇಳಿಸಿ ನೋಡಿದ್ದೀಯ.

ನೋಡಿದ ಮೇಲೆ ಅದು ಯಾರ ಕೆಲಸ ಎಂದು ನಿನಗೆ ಗೊತ್ತಾಗಲಿಲ್ಲವೇ? ಅಂಟು ಒಂದು ಹನಿ ಹೊರಗೆ ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸದೆ ಅಪ್ಪ ಊಟಕ್ಕೇ ಏಳುವುದಿಲ್ಲ. ಅದಕ್ಕೇ ನಮ್ಮಿಬ್ಬರಿಗೂ ತಲೆಗೆ ಮೊಟಕಿದ್ದಾರೆ. ಅಂಥ ಸೊಟ್ಟ ತುಂಡನ್ನು ಅಪ್ಪ ಸೀಳಿದರು ಎಂದು ನೀನು ಒಂದು ಗಳಿಗೆಯಾದರೂ ನಂಬಿದ್ದೆಯಾ?

ಹೌದು ಅಥವಾ ಇಲ್ಲ. ಒಂದು ಪದ ಬರೆ.

ಮೊಳೆ


ಮಾರ್ಚ್ 8

ಅಣ್ಣ,

ಹತ್ತು ದಿನದ ಮೇಲಾಯಿತು. ಒಂದು ಪದ ಬರೆಯಲು ಇಷ್ಟು ದಿನ ಬೇಕಾದರೆ ಆ ಪದ ಯಾವುದು ಎಂದು ನನಗೆ ತಿಳಿಯಿತು. ಆದರೂ ನಿನ್ನ ಕೈಯಲ್ಲೇ ಬರೆದದ್ದು ಬೇಕು.

ಮೊಳೆ


ಮಾರ್ಚ್ 12

ಮೊಳೆ,

ಇಲ್ಲ, ನಂಬಿರಲಿಲ್ಲ. ಒಳಗೆ ನೋಡಿದೆ. ಮಾರನೆಯ ದಿನವೇ, ಅಮ್ಮನ ಕೈಗನ್ನಡಿಯಲ್ಲಿ. ನಿನ್ನ ಕೆಲಸ ಎಂದು ಗೊತ್ತಾಯಿತು. ಸಮಾಧಾನವಾಯಿತೇ?

ಉಳಿ ಚುಚ್ಚಿದ್ದೂ ಅಲ್ಲದೆ ತಿರುಚುತ್ತಿದ್ದೀಯ, ಆದ್ದರಿಂದ ಪೂರ್ತಿ ಕೇಳು. ಆಗ ನನ್ನ ಜೇಬಿನಲ್ಲಿ ಇಲ್ಲಿನ ಕೆಲಸದ ಆರ್ಡರು ಇತ್ತು. ಹದಿನೈದು ದಿನದಿಂದ ಇತ್ತು. ಅದೇ ಹದಿನೈದು ದಿನದಲ್ಲಿ ಅಪ್ಪ ತಮ್ಮ ಬೆಂಚಿನ ಪಕ್ಕ ನನಗೆಂದು ಇನ್ನೊಂದು ಬೆಂಚು ಮಾಡಿದ್ದರು. ನನ್ನ ಎತ್ತರಕ್ಕೆ ಸರಿಯಾಗಿ. ದಿನಾ ಸಂಜೆ ನನ್ನನ್ನು ಅದರ ಮುಂದೆ ನಿಲ್ಲಿಸಿ, ಮೊಣಕೈ ನೋಡಿ, ಕಾಲು ಒಂದಿಷ್ಟು ಕತ್ತರಿಸುತ್ತಿದ್ದರು. ಆ ಬೆಂಚಿನ ಮುಂದೆ ನಿಂತು “ನಾನು ಹೋಗ್ತೀನಿ” ಎನ್ನಲು ನನಗೆ ಆಗಲಿಲ್ಲ. ಜಗಳ ಮಾಡಿಕೊಂಡು ಹೋಗುವುದು ಸುಲಭ. ಹದಿನಾಲ್ಕು ವರ್ಷದ ತಂಗಿಯ ಮೇಲೆ ಸಿಟ್ಟು ಮಾಡಿಕೊಂಡು ಯಾರು ಮನೆ ಬಿಡುತ್ತಾರೆ? “ನಾನೇ” ಎಂದದ್ದು ಅಪ್ಪ. ನಾನು ಅದನ್ನು ಹಿಡಿದುಕೊಂಡೆ.

ಆಮೇಲೆ ಇಲ್ಲಿಯವರು ಅಪ್ಪನ ಬಗ್ಗೆ ಕೇಳಿದಾಗ ಏನಾದರೂ ಹೇಳಬೇಕಿತ್ತಲ್ಲ. ಗಿಟಾರಿನೊಳಗೆ ಎರಡು ತುಂಡು ಮರ ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕುಡಿದು ಬಂದು ಕೊಡಲಿಯಿಂದ ಕಡಿದರು ಎಂದೆ. ಮದುವೆಯಾಗುವ ಹುಡುಗಿಗೂ ಅದನ್ನೇ ಹೇಳಿದೆ. ಅವಳ ತಾಯಿ ಕೇಳಿ ಅತ್ತರು, ಅವತ್ತಿನಿಂದ ನನ್ನನ್ನು ಮಗ ಎನ್ನುತ್ತಾರೆ.

ಈಗ ಹತ್ತು ದಿನ ಉಳಿದಿದೆ. ಕಾರ್ಡು ಹಂಚಿ ಆಗಿದೆ. ಮದುವೆ ಮುಗಿಯಲಿ, ಒಂದು ವರ್ಷ ಕಳೆಯಲಿ, ನಾನೇ ಅವಳಿಗೆ ನಿಧಾನಕ್ಕೆ ಹೇಳುತ್ತೇನೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು. ಆರು ವರ್ಷ ಮುಚ್ಚಿಕೊಂಡಿದ್ದೆಯಲ್ಲ, ಇನ್ನೊಂದು ವರ್ಷ ಏನು ಕಷ್ಟ?

ಅಣ್ಣ


ಮಾರ್ಚ್ 16

ಅಣ್ಣ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ.

ಅಮ್ಮ ಬೇಡವೆಂದರು. “ಮದುವೆ ಆಗ್ಲಿ ಬಿಡೇ. ಆಮೇಲೆ ಬೇಕಾದ್ರೆ ಡಂಗುರ ಹೊಡಿ” ಎಂದು ಸೆರಗಿನಲ್ಲಿ ಕಾಗದ ಮುಚ್ಚಿಕೊಂಡರು. ನಾನು ಕಿತ್ತುಕೊಂಡೆ. ಆ ಜಗಳ ಬೇರೆ, ಅದನ್ನು ಬರೆಯುವುದಿಲ್ಲ.

ಅಪ್ಪ ಶೆಡ್ಡಿನಲ್ಲಿ ಹೊಸ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಂದ ದಿನದಿಂದ ಅದೇ ಕೆಲಸ. ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿ ಇಡುತ್ತಾರೆ. “ಇಷ್ಟು ತೆಳು ಹಲಗೆ ಮೇಲೆ ಅಷ್ಟು ಎಳೆತ ಹಾಕೋಕೆ ಯಾವನಿಗೆ ಧೈರ್ಯ ಬಂತೋ” ಎನ್ನುತ್ತಾರೆ. ನಾನು ನಿನ್ನ ಕಾಗದ ಮೊದಲಿಂದ ಓದಿದೆ. ಕನ್ನಡಿಯ ಮಾತು ಬಂದಾಗ ತಲೆ ಎತ್ತಲಿಲ್ಲ. ಬೆಂಚಿನ ಮಾತು ಬಂದಾಗ ಗಿಟಾರನ್ನು ಪಕ್ಕಕ್ಕಿಟ್ಟರು. ಕೊಡಲಿಯ ಸಾಲು ಓದಿದಾಗ ತಡೆದರು.

“ಏನಂದೆ? ಇನ್ನೊಂದ್ಸಲ ಓದು.”

ಓದಿದೆ.

“ಕೊಡಲಿನಾ?” ಎಂದರು. ಸುತ್ತ ನೋಡಿದರು. ಗೋಡೆಯ ಮೇಲೆ ಸಾಲಾಗಿ ಉಳಿ, ಗರಗಸ, ಉಜ್ಜುಗೊರಡು. “ನನ್ನ ಹತ್ರ ಕೊಡಲಿನೇ ಇಲ್ವಲ್ಲೇ.”

ಎಷ್ಟೋ ಹೊತ್ತು ಅದೊಂದನ್ನೇ ಹೇಳಿದರು. ಕುಡಿದು ಬಂದರು ಎಂದು ನೀನು ಹೇಳಿದ್ದರ ಬಗ್ಗೆ ಒಂದು ಮಾತು ಆಡಲಿಲ್ಲ, ನೀನು ಮೋಸ ಮಾಡಿದೆ ಎನ್ನಲಿಲ್ಲ. ಕೊನೆಗೆ ನನ್ನ ಮೇಲೆ ತಿರುಗಿದರು. “ನಿನಗ್ಯಾರು ಹೇಳಿದ್ರು ಕೆದಕು ಅಂತ? ಅವನು ಹೋಗ್ಬೇಕಿತ್ತು, ಹೋದ. ನೀನು ಚಿಕ್ಕೋಳು, ಉಳ್ಕೊಂಡೆ. ನನಗೇನು ಭಾರ ಆಗಿತ್ತಾ? ಇಬ್ರೂ ಸೇರಿ ನನ್ನನ್ನೇನು ಮರ ಅನ್ಕೊಂಡಿದೀರಾ, ಬೇಕಾದ ಕಡೆ ಕೊಯ್ಯೋಕೆ?” ಎಂದು ಕೂಗಿದರು. ಪಕ್ಕದ ಶೆಡ್ಡಿನವರು ಬಂದು ಇಣುಕಿದರು. ಅಪ್ಪ ಹೀಗೆ ಕೂಗಿದ್ದನ್ನು ನಾನು ಈ ಆರು ವರ್ಷದಲ್ಲಿ ಕೇಳಿರಲಿಲ್ಲ.

ಮದುವೆಗೆ ಬರುತ್ತೀರಾ ಎಂದು ಕೇಳಿದೆ. “ಕೊಡಲಿ ಹಿಡ್ಕೊಂಡು ಬರ್ತಾನೆ ಅಂತ ಕಾಯ್ತಿರೋರ ಮುಂದೆ ಹೋಗಿ ಕೈ ಮುಗೀಲಾ?” ಎಂದರು. ಬರುವುದಿಲ್ಲ. ಅವರು ಬರಬೇಕಾದರೆ ಅಲ್ಲಿರುವ ಒಬ್ಬೊಬ್ಬರಿಗೂ ನಿಜ ಗೊತ್ತಾಗಬೇಕು, ಗೊತ್ತು ಮಾಡಿಸಬೇಕಾದವನು ನೀನು. ಒಂದು ವರ್ಷ ಕಳೆದ ಮೇಲಲ್ಲ.

ಆರು ವರ್ಷ ಬಾಯಿ ಮುಚ್ಚಿದ್ದೆಯಲ್ಲ ಎಂದು ಚುಚ್ಚಿದ್ದೀಯ. ಸರಿಯಾದ ಜಾಗಕ್ಕೇ ಚುಚ್ಚಿದ್ದೀಯ. ಆಗ ನನ್ನ ತಪ್ಪು ಮುಚ್ಚಲು ಸುಮ್ಮನಿದ್ದೆ. ಈಗ ನಿನ್ನದನ್ನು ಮುಚ್ಚಲು ಸುಮ್ಮನಿದ್ದರೆ ಅಪ್ಪನ ಮೇಲೆ ಕೊಡಲಿ ಹೊರಿಸಿದವರಲ್ಲಿ ನಾನೂ ಒಬ್ಬಳಾಗುತ್ತೇನೆ. ಅದು ನನ್ನಿಂದಾಗದು.

ನಿನ್ನ ಗಿಟಾರು ಕೆಡಿಸಿದ್ದು ನಾನು, ನೀನು ಏನೇ ಮಾಡಿರಲಿ ಅದು ಸುಳ್ಳಾಗುವುದಿಲ್ಲ. ಆದ್ದರಿಂದ ಗಿಟಾರು ನಿನ್ನದೇ, ತರುತ್ತಿದ್ದೇನೆ. ಪಾರ್ಸಲಿಗೆ ಹಾಕಿದರೆ ಇಡಿಮರ ಬಿಸಿಲಿಗೆ ಬಿರುಕು ಬಿಡುತ್ತದೆಂದು ರಿಪೇರಿಯವರು ಹೇಳಿದ್ದಾರೆ, ಅದಕ್ಕೇ ಕೈಯಲ್ಲಿ. ಬೇಡವೆಂದರೆ ನಿನ್ನ ಬಾಗಿಲ ಹೊರಗೆ ಇಟ್ಟು ಹೋಗುತ್ತೇನೆ.

ಮೊದಲು ನಿನ್ನ ರೂಮಿಗೆ ಬರುತ್ತೇನೆ. ನೀನು ಅವಳಿಗೆ ಹೇಳಿದ್ದರೆ ನನಗೆ ಅಲ್ಲಿ ಬೇರೆ ಕೆಲಸವಿಲ್ಲ, ಮುಂದಿನ ರೈಲಿಗೆ ವಾಪಸು. ಹೇಳಿರದಿದ್ದರೆ ಕಾರ್ಡಿನ ಮೇಲೆ ಅವಳ ಮನೆಯ ವಿಳಾಸ ಇದೆ. ಹೋಗಿ ನಾನು ಇವನ ತಂಗಿ ಎನ್ನುತ್ತೇನೆ. ಅವಳು ಏನು ಕೇಳಿದರೂ ಉತ್ತರ ಕೊಡುತ್ತೇನೆ.

ಈ ಕಾಗದ ಕೊರಿಯರಿನಲ್ಲಿ ಹಾಕುತ್ತಿದ್ದೇನೆ, ನಾಳೆ ಬೆಳಿಗ್ಗೆ ನಿನ್ನ ಕೈಯಲ್ಲಿರುತ್ತದೆ. ನಾನು ಬಂದು ಸೇರುವುದು ನಾಡಿದ್ದು. ನಿನಗೆ ಒಂದು ಇಡೀ ದಿನ ಇದೆ.

ನಾಳೆ ಮಧ್ಯಾಹ್ನ ಒಂದೂವರೆಯ ರೈಲಿಗೆ ಹೊರಡುತ್ತೇನೆ.

ಮೊಳೆ